ಒತ್ತಿದರೆ ಮಾತಾಡಬೇಕು

ಪಾರ್ಶ್ವವಾಯು ಬಡಿದು ಅಮ್ಮನ ಮಾತು ನಿಂತುಹೋದ ಮೇಲೆ ನಮ್ಮನೆಯಲ್ಲಿ ಎಲ್ಲರೂ ಅವಳ ಪರವಾಗಿ ಮಾತಾಡುವವರೇ ಆದೆವು. ಅವಳಿಗೆ ಚಳಿ ಎಂದು ಅಪ್ಪ ತೀರ್ಮಾನಿಸುತ್ತಿದ್ದರು, ನಿದ್ದೆ ಎಂದು ನಾನು. ಆದರೆ ನಾವು ಆಡುವುದು ಅವಳಿಗೆ ಎಷ್ಟು ಅರ್ಥವಾಗುತ್ತಿದೆ ಎಂಬುದು ಡಾಕ್ಟರಿಗೂ ಖಚಿತವಿರಲಿಲ್ಲ. ಆ ಸಂಶಯ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ್ಯಪ್ ಬರೆಯುವುದು ನನ್ನ ಹೊಟ್ಟೆಪಾಡು. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಊಟದ ಮೇಜಿಗೆ ಕೂತು ಅಮ್ಮನಿಗೊಂದು ಆ್ಯಪ್ ಮಾಡಿದೆ. ನೀರು, ನೋವು, ಬೇಕು, ಬೇಡ: ದೊಡ್ಡ ದೊಡ್ಡ ಚಿತ್ರಗಳು, ಒತ್ತಿದರೆ ನನ್ನ ದನಿಯಲ್ಲಿ ಮಾತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಕಾಣುವ ನಕಲಿ ಫೋನಿನಲ್ಲಿ ಮೌಸ್ ಒತ್ತಿ ನೋಡಿದರೆ ಸಖತ್ತಾಗಿ ಮಾತಾಡುತ್ತಿತ್ತು. ಬೀಗಿಬಿಟ್ಟೆ.

ಅದನ್ನು ಅಮ್ಮನ ಫೋನಿಗೆ ಹಾಕಿ ಅವಳ ಮಡಿಲಲ್ಲಿಟ್ಟೆ. ಅಮ್ಮ ಎಡಗೈ ಬೆರಳನ್ನು ನೀರಿನ ಲೋಟದ ಚಿತ್ರದ ಮೇಲಿಟ್ಟಳು. ಫೋನು ತುಟಿ ಪಿಟಕ್ಕೆನ್ನಲಿಲ್ಲ. ಇನ್ನೊಮ್ಮೆ ಇಟ್ಟಳು. ಊಹೂಂ.

"ಬಿಡು ಮಗಳೇ, ಅವಳಿಗೆ ಗೊತ್ತಾಗ್ತಿಲ್ಲ. ಸುಮ್ನೆ ಯಾಕೆ ಹಿಂಸೆ ಕೊಡ್ತೀಯ?" ಎಂದರು ಅಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಾಗಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೂಗಾಡಿದೆ. ಅವರು ಹೇಳಿದ್ದೇ ನಿಜವಾಗಿಬಿಟ್ಟರೆ ಎಂದು ಹೆದರಿಹೋಗಿದ್ದೆ, ಅಷ್ಟೇ.

ಅಮ್ಮನ ಫೋನಿಗೆ ಕೇಬಲ್ ಸಿಕ್ಕಿಸಿ, ಅವಳ ಬೆರಳು ಮುಟ್ಟಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ಕಾಣುವ ಹಾಗೆ ಮಾಡಿಕೊಂಡು ಪಕ್ಕದಲ್ಲೇ ಕೂತೆ. "ಅಮ್ಮಾ, ಇನ್ನೊಂದ್ಸಲ ಒತ್ತು." ಒತ್ತಿದಳು. ಆಗ ಕಂಡಿತು. ಬೆರಳು ಸರಿಯಾಗಿ ಲೋಟದ ಮೇಲೇ ಬಿದ್ದಿತ್ತು, ಆದರೆ ಮೇಲೇಳುತ್ತಿರಲಿಲ್ಲ. ಕಾಲಿಂಗ್ ಬೆಲ್ ಒತ್ತುವ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದಳು. ನನ್ನ ಆ್ಯಪಿಗೋ, ಮುಟ್ಟಿ ತಟ್ಟನೆ ಬಿಟ್ಟರೆ ಮಾತ್ರ ಲೆಕ್ಕ. ಅಮ್ಮನಿಗೆಂದು ಹೇಳಿಕೊಂಡು ನನ್ನ ಬೆರಳಿಗೆ ಬರೆದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬೆರಳು ತಾಗಿದ ಕೂಡಲೇ ಮಾತಾಡುವಂತೆ ತಿದ್ದಿ ಮತ್ತೆ ಫೋನಿಗೆ ಹಾಕುವಷ್ಟರಲ್ಲಿ ಅಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರು. ಅಮ್ಮನಿಗೆ ಹೀಗಾದ ಮೇಲೆ ಒಲೆ ಹಚ್ಚಲು ಕಲಿತವರು ಅವರು. ಬೆಳಗಿನ ತಿಂಡಿ ಎಂದರೆ ಅದೊಂದೇ.

"ನನ್ನ್ ಉಪ್ಪಿಟ್ಟು ಅಂದ್ರೆ ಇವಳಿಗೆ ಪ್ರಾಣ," ಎನ್ನುತ್ತ ಚಮಚ ಎತ್ತಿದರು.

ಅಮ್ಮ ತಟ್ಟೆ ನೋಡಿದಳು. ಅಪ್ಪನನ್ನು ನೋಡಿದಳು. ಬೆರಳು ನಿಧಾನವಾಗಿ ಪರದೆಯ ಮೂಲೆಗೆ ಸರಿಯಿತು.

"ಬೇಡ," ಎಂದಿತು ಫೋನು.

"ಕೈತಪ್ಪಿ ಒತ್ತಿರ್ಬೇಕು," ಎಂದರು ಅಪ್ಪ.

ಅಮ್ಮ ಅವರ ಮುಖವನ್ನೇ ನೋಡುತ್ತ ಮತ್ತೆ ಒತ್ತಿದಳು. "ಬೇಡ." ಇನ್ನೊಮ್ಮೆ. "ಬೇಡ."

"ಅಯ್ಯೋ ಇವಳಾ! ಇಷ್ಟ್ ದಿನ ಇದನ್ನೇ ತಿನ್ಸಿದೀನಲ್ಲೇ!" ಅಪ್ಪ ನಗತೊಡಗಿದರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನಂತೂ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅಬ್ಬಾ, ಅಮ್ಮ ಇದ್ದಳು. ಎಲ್ಲ ಕೇಳಿಸಿಕೊಂಡು, ಎಲ್ಲ ಸಹಿಸಿಕೊಂಡು, ಇಷ್ಟು ದಿನವೂ ಇಲ್ಲೇ ಇದ್ದಳು.

"ಮತ್ತೇನ್ ಬೇಕೇ ನಿನಗೆ?" ಎಂದು ಕೇಳಿದ ಅಪ್ಪ, ಆ ಕಾಯಿಲೆ ಬಂದ ಮೇಲೆ ಮೊದಲ ಸಲ, ಅವಳ ಉತ್ತರಕ್ಕೆ ಕಾದು ನಿಂತರು.