ಟಗರಿಗೊಂದು ನ್ಯಾಯ, ಮಗಳಿಗೊಂದು ನ್ಯಾಯ

ಕಂಬಳಿಯ ವಾಸನೆ ಮನೆಯಿಂದ ಇನ್ನೂ ಹೋಗಿಲ್ಲ. ಕಿಟಕಿ ತೆರೆದಿಟ್ಟೆ, ಊದುಬತ್ತಿ ಹಚ್ಚಿದೆ, ಹೋಗಲೊಲ್ಲದು. ಉಣ್ಣೆಯ ವಾಸನೆ, ಅದರ ಜೊತೆ ಹುಣಸೆಬೀಜದ ಗಂಜಿಯದು... ಕಂಬಳಿ ಬಿರುಸಾಗಲೆಂದು ನೇಯುವಾಗ ನೂಲಿಗೆ ಬಳಿಯುತ್ತಾರಲ್ಲ, ಅದು. ಇಚಲಕರಂಜಿಯಲ್ಲಿ ನಾವಿರುವ ಓಣಿಯ ತುದಿಗೇ ನೂಲಿಗೆ ಗಂಜಿ ಹಾಕುವ ಕಾರ್ಖಾನೆ ಇದೆ. ಅದರ ಹಬೆ ದಿನವೂ ಮೂಗಿಗೆ ಬಡಿಯುತ್ತದೆ, ನನಗೆ ಏನೂ ಅನಿಸುವುದಿಲ್ಲ. ಆದರೆ ಕಳೆದ ಭಾನುವಾರ ನಮ್ಮೂರು ದತ್ತವಾಡದಿಂದ ಬಂದ ಅಣ್ಣ ಚೀಲದಿಂದ ಕರಿ ಕಂಬಳಿ ತೆಗೆದು ನಮ್ಮ ನಡುಮನೆಯಲ್ಲಿ ಝಾಡಿಸಿ ಹಾಸಿದಾಗ ನನ್ನ ಮೈಯೆಲ್ಲ ಉರಿಯಿತು.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. "ಅಪ್ಪನ ಹಿಂಡಿನ ಕಡೀ ಉಣ್ಣಿ ಇದು. ಜ್ವಾಕಿ ಮಾಡಿ ಇಟ್ಟಿದ್ದೆ" ಎಂದ.

ನಮ್ಮ ಮಂದಿಯಲ್ಲಿ ಕೂಡಿದವರ ಮುಂದೆ ಕಂಬಳಿ ಹಾಸಿದರೆ ಮಾತು ಗಟ್ಟಿ ಮಾಡಲಿಕ್ಕೇ ಹಾಸಿದ ಹಾಗೆ. ಅದರ ಮೇಲೆ ಕೂತು ಹೂಂ ಅಂದರೆ ಮುಗಿಯಿತು, ಆ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಅವನು ಯಾಕೆ ಬಂದಿದ್ದಾನೆಂದು ನನಗೆ ಗೊತ್ತಿತ್ತು. ಅವನ ಒಡಹುಟ್ಟಿದ ತಂಗಿ, ನನಗೆ ಅಕ್ಕ, ನಮ್ಮ ಪಕ್ಕದ ಓಣಿಯಲ್ಲೇ ಇದ್ದಾಳೆ. ಅವಳನ್ನು ನಮ್ಮ ಮನೆಗೇ ಕರೆಸಿ, ಅವಳ ಮಗಳನ್ನು ತನ್ನ ಮಗನಿಗೆ ಕೇಳಲು ಬಂದಿದ್ದ. ದೊಡ್ಡಪ್ಪ ಸಾಯುವ ಮುಂಚೆ ಅದನ್ನೇ ಹೇಳಿ ಹೋಗಿದ್ದನಂತೆ, ಮೊಮ್ಮಗಳು ಹೊರಗೆ ಹೋಗಬಾರದು ಅಂತ. ಹೋಗುವಾಗಲೂ ಅದನ್ನೇ ಹೇಳಿ ಹೋದನಲ್ಲ, ಎಂಥ ಮನುಷ್ಯ!

ದೊಡ್ಡಪ್ಪ ಕೆಟ್ಟವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ನಾನು ಅವನ ಹೆಗಲ ಮೇಲೇ ಬೆಳೆದವಳು. ಕಬ್ಬು ಕಡಿದು ಖಾಲಿಯಾದ ಹೊಲಗಳಲ್ಲಿ ಅವನು ಹಿಂಡು ತರುಬುತ್ತಿದ್ದ. ನಾನು ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ಕುರಿ ನೋಡಿದರೆ ಅದರ ಅವ್ವ ಯಾರು, ಅಜ್ಜಿ ಯಾರು ಅಂತ ಕೂತಲ್ಲೇ ಹೇಳುತ್ತಿದ್ದ. ಒಂದು ಕುರಿ ಈದ ಮರಿಯನ್ನು ಹತ್ತಿರ ಬಿಟ್ಟುಕೊಳ್ಳದಿದ್ದರೆ, "ಇದರವ್ವನೂ ಹಿಂಗ ಒದಿತಿತ್ತ" ಎಂದು ಕಾಲು ಕಟ್ಟಿ ಮರಿಗೆ ಹಾಲು ಕುಡಿಸುತ್ತಿದ್ದ. ಹಾಯುವ ಟಗರಿನ ಮರಿ ಹಾಯುವುದನ್ನು ಕಲಿಯಬೇಕಾಗಿಲ್ಲ, ಹುಟ್ಟುತ್ತಲೇ ತಂದಿರುತ್ತದೆ ಎನ್ನುತ್ತಿದ್ದ. ಒಮ್ಮೆ ನಾನು ಯಾವುದೋ ಜಗಳದಲ್ಲಿ ತಾಟು ಎತ್ತಿ ಗೋಡೆಗೆ ಒಗೆದೆ. ಅವ್ವ ಹೊಡೆಯಲು ಬಂದರೆ ಅವನು ಅಡ್ಡ ನಿಂತ. "ಹೊಡೀಬ್ಯಾಡವ್ವಾ. ಈ ಸಿಟ್ಟ ನಂದ ಐತಿ, ನಮ್ಮವ್ವಂದ ಐತಿ. ಕೂಸು ಬ್ಯಾರೆ ಎಲ್ಲಿಂದ ತರಬೇಕ?" ಎಂದು ನಕ್ಕ.

ಹೌದು, ಈ ಸಿಟ್ಟು ಅವನದೇ. ಅವನ ಮೇಲೇ ತಿರುಗಿದೆ.

ಟಗರಿನ ವಿಷಯದಲ್ಲಿ ಅವನದು ಕಟ್ಟುನಿಟ್ಟು. ಒಂದು ಟಗರಿಗೆ ಹುಟ್ಟಿದ ಹೆಣ್ಣುಮರಿಗಳು ಬೆದೆಗೆ ಬರುವಷ್ಟರಲ್ಲಿ ಆ ಟಗರು ಹಿಂಡಿನಲ್ಲಿ ಇರಕೂಡದು. ಅದನ್ನು ಹೊಡೆದುಕೊಂಡು ಗಡಹಿಂಗ್ಲಜ ಕಡೆ ಹೋಗಿ, ಅಲ್ಲಿಯ ಕುರುಬನಿಗೆ ಕೊಟ್ಟು, ಅವನ ಟಗರು ತರುತ್ತಿದ್ದ. ಆ ಕುರುಬನಿಗೂ ಅದೇ ಬೇಕು. ಎಷ್ಟೇ ಚಂದದ ಟಗರಿರಲಿ, ಮಕ್ಕಳು ಅದರ ಕೊರಳು ತಬ್ಬಿ ಅಳಲಿ, ಹೊಡೆದುಕೊಂಡು ಹೊರಟೇಬಿಡುತ್ತಿದ್ದ.

ಒಂದು ವರ್ಷ ಜ್ವರ ಬಂದು ಮಲಗಿದ. ಟಗರು ಹಾಗೇ ಉಳಿಯಿತು. ಮುಂದಿನ ಸಲ ಕೆಲವು ಮರಿಗಳು ಹುಟ್ಟುಕುರುಡಾಗಿ ಬಂದವು. ಅದರಲ್ಲೊಂದು ಮರಿ ಅವ್ವನ ಕೆಚ್ಚಲು ಸಿಗದೆ ಬೇಲಿಗೆ ಬಾಯಿ ಹಚ್ಚಿ ಚೀಪುತ್ತಿತ್ತು... ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡಮ್ಮ ಆ ತಾಯಿಕುರಿಯನ್ನು ಅಪಶಕುನದ್ದು, ಮಾರಿಬಿಡು ಎಂದು ಬೈಯತೊಡಗಿದಳು. ದೊಡ್ಡಪ್ಪ ಕಣ್ಣು ಕೆಂಪಗೆ ಮಾಡಿದ. "ಇದರದೇನ ತಪ್ಪ? ಮೂಕ ಪ್ರಾಣಿ. ನಾ ಟಗರ ಬಿಟ್ಟೆ, ನಂದ ತಪ್ಪ" ಎಂದ. ಆ ಕುರಿಯ ತಲೆ ಸವರಿದ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಮರುದಿನವೇ ಟಗರು ಹೊಡೆದುಕೊಂಡು ಹೋದ.

ಅದೇ ಬೇಸಿಗೆಯಲ್ಲಿ ಅಕ್ಕನ ಲಗ್ನ ಗೊತ್ತು ಮಾಡಿದ. ಯಾರಿಗೆ? ದೊಡ್ಡಮ್ಮನ ತಮ್ಮನಿಗೆ. ಅಕ್ಕನ ಸ್ವಂತ ಸೋದರಮಾವನಿಗೆ.

ದೊಡ್ಡಮ್ಮನ ತವರು ಗಡಹಿಂಗ್ಲಜ ಹತ್ತಿರದ ಹಳ್ಳಿ. ಅವಳ ಅಪ್ಪನಿಗೆ ಇರುಳುಗಣ್ಣು. ನಾವೆಲ್ಲ ಕಣ್ಣಾರೆ ನೋಡಿದ್ದೆವು. ಮುಂಜಾನೆ ಕೋಲೂರಿಕೊಂಡು ಠೀವಿಯಿಂದ ಓಡಾಡುವ ಆ ಅಜ್ಜ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ, ಯಾರಾದರೂ ಕೈ ಹಿಡಿದು ಒಳಗೆ ಕರೆದೊಯ್ಯಲಿ ಎಂದು. ಬರಬರುತ್ತ ಹಗಲೂ ಕಾಣದಾಯಿತು. ಅವನ ಕಾಕನಿಗೂ ಹಾಗೇ ಆಗಿತ್ತಂತೆ. ಮನೆತನದಲ್ಲಿ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಯಾರೂ ಬಾಯಿ ಬಿಡಲಿಲ್ಲ. ಮನೆಯ ಹುಡುಗ, ಚಟ ಇಲ್ಲ, ಕಳ್ಳುಬಳ್ಳಿಯ ನಂಟು ಕಡಿಯಬಾರದು, ಇಷ್ಟೇ ಮಾತು.

ಅಕ್ಕ ಸುಮ್ಮನಿರುವ ಹುಡುಗಿಯಾಗಿರಲಿಲ್ಲ ಆಗ. ದೊಡ್ಡಿಯಲ್ಲಿ ಹೊಸ ಟಗರಿಗೆ ನೀರು ಕುಡಿಸುತ್ತ, ನಾನು ಪಕ್ಕದಲ್ಲೇ ಇದ್ದಾಗ, ಕೇಳಿಯೇಬಿಟ್ಟಳು. "ಅಪ್ಪಾ, ಕುರಿಗೆ ಅಷ್ಟ ದೂರದಿಂದ ಗಂಡ ತರ್ತಿ. ನನಗ್ಯಾಕ ಮನಿಯಾಗಿಂದ ಹುಡುಕಿದಿ?"

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವು ಕುರಿ ಹುಚ್ಚೀ. ನಾವು ಮಂದಿ" ಎಂದ. ಅಕ್ಕನೂ ನಕ್ಕಳು. ನಾನೂ ನಕ್ಕೆ.

ಮಂದಿಯಂತೆ ಮಂದಿ! ರಕ್ತ ಕುರಿಯ ಮೈಯಲ್ಲಿ ಹರಿದರೆ ಒಂದು ರೀತಿ, ನಮ್ಮ ಮೈಯಲ್ಲಿ ಹರಿದರೆ ಇನ್ನೊಂದು ರೀತಿಯೇ?

ಲಗ್ನವಾಯಿತು. ಮಾವ ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಹಿಡಿದ. ಅವನ ಬಗ್ಗೆ ನನ್ನ ದೂರಿಲ್ಲ, ಒಳ್ಳೆಯ ಮನುಷ್ಯ. ಅಕ್ಕನಿಗೆ ಮಗ ಹುಟ್ಟಿದ, ಹಿಂದೆಯೇ ಮಗಳು. ಹುಡುಗ ಓಡಾಡುವ ವಯಸ್ಸಿಗೆ ಬಂದಾಗ ಸಂಜೆಯಾದರೆ ಹೊಸ್ತಿಲು ಎಡವುವುದು, ಕೊಡಪಾನಕ್ಕೆ ಡಿಕ್ಕಿ ಹೊಡೆಯುವುದು ಸುರುವಾಯಿತು. ಅವಸರದ ಪೋರ ಅಂದುಕೊಂಡೆವು. ಒಂದು ಮುಸ್ಸಂಜೆ ಕರೆಂಟು ಹೋದಾಗ ಅಕ್ಕ ಎದುರಿಗೇ ನಿಂತು ಕರೆದಳು. ಹುಡುಗ ಕೈಚಾಚಿ ಗೋಡೆ ತಡವುತ್ತ ಬಂದ. ಅಕ್ಕ ಓಡಿಬಂದು ಅವನ ಕೈ ಹಿಡಿದುಕೊಂಡಳು. ಅವಳಿಗೆ ಕಟ್ಟೆಯ ಮೇಲಿನ ಅಜ್ಜ ನೆನಪಾಗಿದ್ದ.

ಕೊಲ್ಹಾಪುರಕ್ಕೆ ಕರೆದೊಯ್ದೆವು. ದೊಡ್ಡಪ್ಪನೂ ಬಂದ. ಡಾಕ್ಟರು ಹುಡುಗನ ಕಣ್ಣಿಗೆ ದೀಪ ಬಿಟ್ಟು ಭಾಳ ಹೊತ್ತು ನೋಡಿದರು. ಆಮೇಲೆ ಮರಾಠಿಯಲ್ಲಿ ಕೇಳಿದ ಮೊದಲ ಮಾತು, "ನಾತ್ಯಾತ ಲಗ್ನ ಝಾಲಂಯ ಕಾ?" ಸಂಬಂಧದೊಳಗೇ ಲಗ್ನವಾಗಿದೆಯೇ ಅಂತ. ಅಕ್ಕ ತಲೆ ತಗ್ಗಿಸಿ ಹೂಂ ಎಂದಳು. ಅವರು ಬೈಯಲಿಲ್ಲ. ಈ ದೋಷ ಕಾಣದ ಹಾಗೆ ಅವ್ವನಲ್ಲೂ ಇರುತ್ತದೆ, ಅಪ್ಪನಲ್ಲೂ ಇರುತ್ತದೆ, ಅವರಿಬ್ಬರ ಕಣ್ಣುಗಳು ಚೆನ್ನಾಗಿಯೇ ಇರುತ್ತವೆ, ಎರಡೂ ಕಡೆಯಿಂದ ಬಂದು ಕೂಸಿನಲ್ಲಿ ಕೂಡಿದಾಗ ಹೀಗಾಗುತ್ತದೆ ಎಂದು ಸಮಾಧಾನದಿಂದ ತಿಳಿಸಿದರು. ಹೋದ ದೃಷ್ಟಿ ತರುವ ಔಷಧ ತಮ್ಮ ಹತ್ತಿರ ಇಲ್ಲ ಎಂದರು.

ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ನಮಗೆಲ್ಲ ಅರ್ಥವಾಗುವ ಮೊದಲೇ ಅವನಿಗೆ ಅರ್ಥವಾಗಿತ್ತು. ಅವನ ಮುಖ ಬಿಳಿಚಿಕೊಂಡಿತು. ಈಗ ಅನ್ನುತ್ತಾನೆ, ಅಕ್ಕನ ತಲೆ ಸವರಿ, ಕುರಿಗೆ ಅಂದ ಆ ಮಾತು ಈಗ ಅನ್ನುತ್ತಾನೆ ಅಂತ ಕಾದೆ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತ ದೊಡ್ಡಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಅಕ್ಕನ ಕಡೆ ನೋಡದೆ ಅಂದ, "ಯಾವ ಜನ್ಮದ ಪಾಪಾನೋ ನಿಂದು..."

ನಿಂದು! ಕುರಿಗೆ ತಪ್ಪಿಲ್ಲ, ಮಗಳಿಗೆ ಪಾಪ. ಕೂಗಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ಕೈ ಒತ್ತಿ ಹಿಡಿದು ಸುಮ್ಮನಿರಿಸಿದಳು. ಊರಿಗೆ ಹೋದ ಮೇಲೆ ಉಳಿದವರೂ ಅದೇ ಮಾತು ಹಿಡಿದರು. ಅಕ್ಕನ ಅತ್ತೆ, ಅಂದರೆ ಅವಳ ಸ್ವಂತ ಅಜ್ಜಿ, ನಿನ್ನ ಹೊಟ್ಟೆಯೇ ಸರಿಯಿಲ್ಲ ಎಂದಳು. ಜೀವನವಿಡೀ ಕುರುಡ ಗಂಡನ ಕೈ ಹಿಡಿದು ನಡೆಸಿದ ಮುದುಕಿ ಹೇಳಿದ ಮಾತು ಇದು. ಆಕೆಗೆ ನಾಚಿಕೆ ಆಗಲಿಲ್ಲ, ಕೇಳುತ್ತ ಕೂತವರಿಗೂ ಆಗಲಿಲ್ಲ. ಅಕ್ಕ ಮಾತ್ರ ಅವತ್ತಿನಿಂದ ನಗುವುದನ್ನು ಬಿಟ್ಟಳು.

ದೊಡ್ಡಪ್ಪ ಮೊಮ್ಮಗನನ್ನು ಪ್ರೀತಿಸಲಿಲ್ಲ ಅಂತಲ್ಲ. ರಜೆಗೆ ಕರೆದೊಯ್ದು ಕುರಿಯ ಬೆನ್ನು ಮುಟ್ಟಿಸಿ ಒಂದೊಂದರ ಗುರುತು ಕಲಿಸಿದ. ಹುಡುಗನಿಗೂ ಅಜ್ಜ ಅಂದರೆ ಜೀವ. ಆದರೆ ಆ ಒಂದು ಮಾತು ಅವನ ಬಾಯಿಂದ ಬರಲೇ ಇಲ್ಲ. ಮುದಿತನದಲ್ಲಿ ಹಿಂಡು ಮಾರಿದ, ಹಾಸಿಗೆ ಹಿಡಿದ, ಹೋಗಿಬಿಟ್ಟ. ಹೋಗುವಾಗ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿ ಎಂದು ಹೇಳಿ ಹೋದ.

ಭಾನುವಾರ ಅಕ್ಕ ಮಗನ ಜೊತೆ ಬಂದಳು. ಅವನೀಗ ಬೆಳೆದ ಗಂಡಸು. ಹಗಲಲ್ಲೂ ಕೊಳವೆಯಲ್ಲಿ ಇಣುಕಿದಷ್ಟೇ ಕಾಣುತ್ತದೆ. ಕಾರ್ಖಾನೆಯೊಂದರಲ್ಲಿ ನೂಲಿನ ಉಂಡೆಗಳನ್ನು ಕೈಯಿಂದ ತಡವಿ ಚೀಲಕ್ಕೆ ತುಂಬುತ್ತಾನೆ. ಕಾಲಿಗೆ ಕಂಬಳಿ ತಾಗುತ್ತಲೇ ಬಗ್ಗಿ ಸವರಿದ, ಮೂಗಿಗೆ ಹಿಡಿದ. "ಅವ್ವಾ, ಅಜ್ಜನ ವಾಸನಿ" ಎಂದ.

ಅಕ್ಕ ಕಂಬಳಿಯ ಮೇಲೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು.

"ಕುಂದ್ರವಾ" ಎಂದ ಅಣ್ಣ. "ಅಪ್ಪನ ಮಾತ ಐತಿ. ನನ್ನ ಮಗಾ ನಿನಗ ಗೊತ್ತಿಲ್ಲದಾವ ಏನ? ಹುಡುಗೀ ಕಣ್ಣ ಬರೋಬರ್ ಅದಾವ."

"ನನ್ನ ಕಣ್ಣೂ ಬರೋಬರ್ ಅದಾವ, ಅಣ್ಣಾ" ಎಂದಳು ಅಕ್ಕ.

ಅಣ್ಣ ಒಳಗಿದ್ದ ಮಾತನ್ನು ಹೊರಗೆ ಹಾಕಿದ. "ಹೊರಗಿನವ್ರು ಬಂದ್ರ ಇವನ್ನ ನೋಡ್ತಾರ. ಏನಂತ ಹೇಳಾಕಿ?"

ನನಗೆ ತಡೆಯಲಾಗಲಿಲ್ಲ. "ಇದ್ದದ್ದು ಹೇಳ್ತಾಳ! ಮುಚ್ಚಿಟ್ಟ ಮುಚ್ಚಿಟ್ಟ ಅವನ ಕಣ್ಣ ತಗದ್ರಿ, ಇನ್ನ ಯಾರದ ತಗೀಬೇಕಂತೀರಿ?" ಎಂದು ಚೀರಿದೆ.

ಅಕ್ಕ ಚೀರಲಿಲ್ಲ. "ಮಗನ್ನ ನನ್ನ ಬಾಜೂಕ ಕುಂಡ್ರಿಸ್ಕೊಂಡ ಹೇಳ್ತೀನಿ. ಕೇಳಿ ಒಪ್ಪಿದವ್ರ ಒಪ್ಪಲಿ. ಯಾರೂ ಒಪ್ಪಲಿಲ್ಲಂದ್ರ ಮಗಳ ನನ್ನ ಮನಿಯಾಗ ಇರ್ತಾಳ. ಅಪ್ಪ ಕುರಿಗೆ ಮಾಡಿದಷ್ಟ ನಾ ನನ್ನ ಮಗಳಿಗೆ ಮಾಡ್ತೀನಿ, ಅಣ್ಣಾ. ಹೆಚ್ಚೇನ ಇಲ್ಲ" ಎಂದಳು.

ಬಗ್ಗಿ ಕಂಬಳಿಯ ತುದಿ ಹಿಡಿದು ಮಡಚತೊಡಗಿದಳು. ಮಗ ಕಂಬಳಿ ಹಿಡಿದ ಕೈ ಬಿಡಲಿಲ್ಲ. "ಇರ್ಲಿ ಅವ್ವಾ, ಇದೊಂದ ಇಟಗೊಳ್ಳೂನು" ಎಂದ. ಅಕ್ಕ ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು. ಕಂಬಳಿ ಉಳಿದರೆ ಮಾತೂ ಉಳಿದ ಹಾಗೆ. ಮಡಚಿ ಅಣ್ಣನ ಚೀಲಕ್ಕೆ ಹಾಕಿದಳು. ಅವನು ನಾನಿಟ್ಟ ಚಹಾ ಮುಟ್ಟದೆ ಎದ್ದು ಹೋದ. ಇನ್ನು ದತ್ತವಾಡದ ಮನೆಯ ಬಾಗಿಲು ನಮಗಿಬ್ಬರಿಗೂ ಮುಚ್ಚಿದ ಹಾಗೆಯೇ.

ಇವತ್ತು ಮಧ್ಯಾಹ್ನ ಅಕ್ಕ ಬಂದಳು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು, ಮೂಗರಳಿಸಿದಳು. ಮೊನ್ನೆ ಕಂಬಳಿ ಹಾಸಿದ್ದ ಜಾಗದಲ್ಲೇ ಬರಿ ನೆಲದ ಮೇಲೆ ಕೂತಳು. ಹೊರಗೆ ಮಗ್ಗಗಳ ಸದ್ದು ನಡೆದೇ ಇತ್ತು...

"ಕುರಿಗೆ ಅಂದಿದ್ನಲ್ಲ, ಇದರದೇನ ತಪ್ಪ ಅಂತ" ಎಂದಳು ಕೊನೆಗೆ. "ನನಗೂ ಒಮ್ಮೆ ಅಂತಾನಂತ ಅಂವ ಸಾಯೂತನಾ ದಾರಿ ನೋಡ್ದೆ."

ನಾನು ದೊಡ್ಡಪ್ಪನನ್ನು ಬೈಯಲು ಬಾಯಿ ತೆರೆದೆ. ಅಕ್ಕ ಕಿಟಕಿಯತ್ತ ಕೈ ಮಾಡಿದಳು. "ಅದನ್ನ ಹಾಕ. ವಾಸನಿ ಹೋಗಾಕತ್ತೈತಿ."

ಎದ್ದು ಕಿಟಕಿ ಹಾಕಿದೆ.