ಪಾಲಬಾವಿಯ ಎಮ್ಮೆ

ಇವತ್ತು ಬೆಳಿಗ್ಗೆ ಗಾಣದ ಕಡೆಯಿಂದ ಕುದಿಯುವ ಬೆಲ್ಲದ ವಾಸನೆ ಬಂತು. ನಿಮಗಾದರೆ ಬಾಯಲ್ಲಿ ನೀರೂರುತ್ತದೆ. ನಾನು ಮೂಗಿಗೆ ಟವೆಲ್ ಹಿಡಿದು ದಾರಿ ಬದಲಿಸಿದೆ. ಶಿರಗುಪ್ಪಿಯ ನಮ್ಮ ಗಾಣದ ಒಲೆಯ ಮುಂದೆ ಅರ್ಧ ಆಯುಷ್ಯ ನಿಂತು ಎದೆ ತುಂಬ ಹೊಗೆ ತುಂಬಿಸಿಕೊಂಡವನು ನಾನು. ಮೇಲೆ ಬೀಡಿ ಬೇರೆ. ಅಂಗಿಯ ಗುಂಡಿ ಹಾಕಿಕೊಂಡರೂ ಏದುಸಿರು ಬರತೊಡಗಿದಾಗ ನಿಪ್ಪಾಣಿಯ ದವಾಖಾನೆಯೊಂದರಲ್ಲಿ ವ್ಯಾಯಾಮದ ವರ್ಗಕ್ಕೆ ಸೇರಿಸಿದರು. ಉಸಿರೇ ಇಲ್ಲದವನಿಗೆ ವ್ಯಾಯಾಮವೇ ಎಂದು ನಗು ಬಂತು, ನಗಲೂ ಉಸಿರಿರಲಿಲ್ಲ.

ಅಲ್ಲಿ ಜೋಡಿಯಾಗಿ ಅಂಗಳ ಸುತ್ತಬೇಕು. ಕಲಿಸುವ ಹುಡುಗಿಯ ನಿಯಮ ಒಂದೇ: “ನಡಕೋತ ಮಾತಾಡ್ರಿ. ಮಾತು ನಿಂತ್ರ ಹೆಜ್ಜಿ ಸಾವಕಾಶ ಮಾಡ್ರಿ.” ನನಗೆ ಜೋಡಿಯಾದವರು ಭೋಜ ಊರಿನ ಅಕ್ಕಾತಾಯಿ. ವಖಾರಿಯಲ್ಲಿ ತಂಬಾಕು ಜರಡಿ ಹಿಡಿದು ಹಿಡಿದು ಎದೆ ಕೆಡಿಸಿಕೊಂಡವರು. ಸೀರೆಯ ಕೆಳಗೆ ಮೊಮ್ಮಗನ ಬಿಳಿ ಬೂಟು.

ನಾನೋ ಮಾತಿನಲ್ಲಿ ಜಿಪುಣ. ಹೆಂಡತಿ ಇದ್ದಾಗ ಹೂಂ, ಉಹೂಂ ಅನ್ನುವುದರಲ್ಲೇ ಸಂಸಾರ ಸಾಗಿತ್ತು; ಆಕೆ ಹೋದ ಮೇಲೆ ಅದೂ ಬೇಕಾಗಲಿಲ್ಲ. ಅಕ್ಕಾತಾಯಿ ಬಿಡಲಿಲ್ಲ. “ಅಣ್ಣಾರ, ಸುಮ್ನ ನಡದ್ರ ನಿಮ್ಮ ದಮ್ಮು ಹೆಂಗೈತಂತ ನನಗ ಹೆಂಗ ತಿಳೀಬೇಕ್ರಿ?”

ಕಡೆಗೆ ಮಾತನ್ನೂ ಅವರೇ ತಂದರು. ಪಾಲಬಾವಿಯ ಅವರ ನಾದಿನಿಯ ಎಮ್ಮೆ ಹಗ್ಗ ಹರಿದುಕೊಂಡು ಹೋದ ಕಥೆ ವಾರಗಟ್ಟಲೆ ನಡೆಯಿತು. ಕಬ್ಬಿನ ಹೊಲದಲ್ಲಿ ಹುಡುಕಿದ್ದು, ಹಗ್ಗ ಕಟ್ಟಿದವರು ಯಾರೆಂದು ಗಂಡ ಹೆಂಡತಿ ಜಗಳಾಡಿದ್ದು, ಕಾಲುವೆಯ ದಂಡೆಯಲ್ಲಿ ಸಗಣಿ ಕಂಡದ್ದು. ದಮ್ಮು ಹತ್ತಿದಲ್ಲಿ ಕಥೆ ನಿಲ್ಲುತ್ತಿತ್ತು. “ಮುಂದ ಏನಾತ್ರಿ ಅಕ್ಕಾರ?” ಎಂದು ಕೇಳುವ ಆಸೆಗೇ ನಾನು ಬಸ್ಸು ಹತ್ತುತ್ತಿದ್ದೆ. ಹಾಗೆ ಕೇಳುತ್ತ ಕೇಳುತ್ತ ನನ್ನ ಉಸಿರು ಹದಕ್ಕೆ ಬಂತು.

ಒಂದು ದಿನ, “ಎಮ್ಮಿ ಕೊಳ್ಳಾಗಿನ ಗಂಟಿ ಕೇಳಿಸ್ತ್ರಿ… ಉಳದದ್ದು ನಾಳಿ ಹೇಳತೇನ್ರಿ,” ಎಂದು ಬೆಂಚಿನ ಮೇಲೆ ಕೂತರು. ಮರುದಿನ ಬರಲಿಲ್ಲ. ತೀರಿಕೊಂಡರೆಂದು ಕಲಿಸುವ ಹುಡುಗಿ ಹೇಳಿದಳು.

ಈಗ ಊರಲ್ಲೇ ಒಬ್ಬನೇ ನಡೆಯುತ್ತೇನೆ. ನಿಯಮ ನಿಯಮವೇ, ಒಬ್ಬನೇ ಮಾತಾಡುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಹೊಲದವರು ಅಂದುಕೊಂಡಿದ್ದಾರೆ. ದಿನವೂ ಅದೇ ಕಥೆ, ದಿನವೂ ಗಂಟೆ ಕೇಳಿಸಿದಲ್ಲಿಗೆ ನಿಲ್ಲಿಸುತ್ತೇನೆ. ಪಾಲಬಾವಿಗೆ ಹೋಗಿ ಕೇಳಿದರೆ ಉಳಿದದ್ದು ತಿಳಿದೀತು. ಹೋಗಿಲ್ಲ. ಕಥೆ ಮುಗಿದರೆ ಅಕ್ಕಾತಾಯಿಯೂ ಮುಗಿದುಹೋಗುತ್ತಾರೆಂಬ ಭಯ ನನಗೆ.

ಇವತ್ತು ನೀವು ಜೊತೆಗಿದ್ದಿರಿ. ಹೊಗೆ ತಪ್ಪಿಸಿ ಈ ದಾರಿ ಹಿಡಿದು, ನಿಮಗೆ ಇಷ್ಟೆಲ್ಲ ಹೇಳುತ್ತ, ನೋಡಿದರೆ ಎಂದಿಗಿಂತ ದೂರ ಬಂದಿದ್ದೇನೆ. ಮಾತು ನಿಂತಿರಲಿಲ್ಲ. ಆ ಧೈರ್ಯದ ಮೇಲೆ ಉಳಿದದ್ದನ್ನು ನಾನೇ ಗಟ್ಟಿಯಾಗಿ ಹೇಳಿಬಿಟ್ಟೆ: “ಎಮ್ಮಿ ತಾನ ಮನಿಗಿ ಬಂತ್ರಿ, ಅಕ್ಕಾರ.”

ಆಮೇಲೆ ಮಾತು ಬರಲಿಲ್ಲ. ಹೆಜ್ಜೆ ಸಾವಕಾಶ ಮಾಡಿದೆ.