ಯಮನಪ್ಪ ಮಾಸ್ತರರ ಮಗ್ಗಿ

ಬೆಳಗಾವಿ ಜಿಲ್ಲೆ ಮುಂಬೈ ಇಲಾಖೆಗೆ ಸೇರಿದ್ದ ಕಾಲ. ಸಂಪಗಾಂವದ ಆಚೆಗಿನ ಒಂದು ಹಳ್ಳಿಯಲ್ಲಿ ಕನ್ನಡ ಸಾಲೆ ನಡೆಸುತ್ತಿದ್ದ ಯಮನಪ್ಪ ಮಾಸ್ತರರಿಗೆ ದೇವರು ಮೈ ಕಡಿಮೆ ಕೊಟ್ಟು ಕಂಠ ಹೆಚ್ಚು ಕೊಟ್ಟಿದ್ದ. ಅವರು ಎತ್ತಿಕೊಟ್ಟ ಮಗ್ಗಿಯನ್ನು ಮಕ್ಕಳು ರಾಗವಾಗಿ ಹೇಳಿದರೆ ಹಳ್ಳದ ತನಕ ಕೇಳುತ್ತಿತ್ತು. ಅಲ್ಲಿ ಬಟ್ಟೆ ಒಗೆಯುವ ತಾಯಂದಿರು ಆ ಸದ್ದು ಕೇಳಿ ನಿಶ್ಚಿಂತರಾಗುತ್ತಿದ್ದರು. ಊರು ವಿದ್ಯೆಯನ್ನು ಅಳೆಯುತ್ತಿದ್ದುದೇ ಕಿವಿಯಿಂದ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದ ಮಾಸ್ತರರೂ ಬೇರೆ ಅಳತೆ ಹುಡುಕಿರಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಒಮ್ಮೆ ಬೈಲಹೊಂಗಲದ ಗೆಳೆಯ ಬುರಾನಸಾಬ ಮಾಸ್ತರರು ಸಾಲೆ ನೋಡಲು ಬಂದರು. ಮಗ್ಗಿ ಕೇಳಿ ತಲೆದೂಗಿದರು. ಆಮೇಲೆ ಶಟ್ಟೆವ್ವ ಎಂಬ ಹುಡುಗಿಯನ್ನು, "ಏಳೆಂಟಲೆ ಎಷ್ಟವಾ?" ಎಂದು ಕೇಳಿದರು.

ಅವಳು ಕಣ್ಣು ಮುಚ್ಚಿ "ಏಳೊಂದಲೆ ಏಳು" ಎಂದು ಹೊರಟಳು. ನಡುವೆ ತಡೆದರೆ ಮತ್ತೆ ಮೊದಲಿಗೇ ಬಂದಳು.

"ಹಾಡು ಬರತೈತ್ರಿ, ಲೆಕ್ಕ ಬರೂದಿಲ್ಲ," ಎಂದರು ಬುರಾನಸಾಬರು ಮೆಲ್ಲಗೆ. "ನನ್ನ ಮಾತ ನಂಬಬ್ಯಾಡ್ರಿ. ಅರ್ಧ ಮಕ್ಕಳಿಗೆ ನಿಮ್ಮ ರಾಗ, ಅರ್ಧಕ್ಕ ಹುಣಸಿಬೀಜ. ಇನ್ನ ಎರಡ ತಿಂಗಳ, ಶೀಗಿ ಹುಣ್ಣಿವಿ ತನಕಾ ನಡಸಿ ನೋಡ್ರಿ. ನಾನೂ ಆಗಾಗ ಬಂದು ಕೈ ಹಚ್ಚತೇನಿ."

ಮಾಸ್ತರರಿಗೆ ಒಳಗೊಳಗೇ ಉರಿಯಿತು. ಆದರೂ ಒಪ್ಪಿದರು. ಶಟ್ಟೆವ್ವ ಬೀಜದ ಗುಂಪಿಗೆ ಹೋದಳು. ಆ ಗುಂಪು ನೆಲದ ಮೇಲೆ ಆರಾರು, ಏಳೇಳು ಬೀಜಗಳ ಗುಡ್ಡೆ ಮಾಡುತ್ತ, ಕೂಡಿಸುತ್ತ, ಒಡೆಯುತ್ತ ತನ್ನ ಪಾಡಿಗೆ ಕೂತಿತು. ಸಾಲೆಯ ಸದ್ದು ಅರ್ಧವಾಯಿತು, ಊರಿನ ಬಾಯಿ ಇಮ್ಮಡಿಯಾಯಿತು. ಮಾಸ್ತರರು ಮಕ್ಕಳಿಗೆ ಚೌಕಾಬಾರದ ಆಟ ಕಲಿಸುತ್ತಿದ್ದಾರೆ ಎಂದು ಸುದ್ದಿ ಹಬ್ಬಿತು.

ಹುಣ್ಣಿಮೆಯ ಮರುದಿನ ಊರ ಹಿರಿಯ ಬಸವಣ್ಣೆಪ್ಪ ತಂದೆತಾಯಂದಿರನ್ನು ಕರೆದುಕೊಂಡು ಸಾಲೆಗೆ ಬಂದೇಬಿಟ್ಟ.

"ಮಾಸ್ತರ್ರ, ಇವ್ರು ಏನೂ ಕಲತಿಲ್ಲಂದ್ರ ನಾಳಿಂದ ದನಾ ಕಾಯಾಕ ಕಳಸ್ತೇವ್ರಿ."

ಮಕ್ಕಳಿಲ್ಲದ ಸಾಲೆಯಲ್ಲಿ ತಾನೇನು ಗೋಡೆಗೆ ಪಾಠ ಹೇಳಲೇ ಎಂದುಕೊಂಡು ಮಾಸ್ತರರು, ಪರೀಕ್ಷೆಗೆಂದು ಅಂದೇ ಬಂದಿದ್ದ ಬುರಾನಸಾಬರತ್ತ ನೋಡಿದರು.

ಬುರಾನಸಾಬರು ಮಗ್ಗಿಯನ್ನು ಹಿಂದುಮುಂದಾಗಿ ಕೇಳುತ್ತ ಹೋದರು. ರಾಗದ ಗುಂಪು ಪ್ರತಿ ಸಲವೂ ಒಂದರಿಂದಲೇ ಹೊರಟಿತು. ಬೀಜದ ಗುಂಪು ಥಟ್ಟನೆ ಉತ್ತರ ಕೊಟ್ಟಿತು. ತಾವು ಅಷ್ಟು ಪ್ರೀತಿಯಿಂದ ಸಾಕಿದ ರಾಗ ಹೀಗೆ ಕೈಕೊಟ್ಟಿತಲ್ಲ ಎಂದು ಮಾಸ್ತರರಿಗೆ ನಿಜಕ್ಕೂ ನೋವಾಯಿತು.

ಆದರೆ ಬಸವಣ್ಣೆಪ್ಪ ಬಗ್ಗಲಿಲ್ಲ.

"ಇದೆಲ್ಲಾ ಮೊದಲ ಹೇಳಿಕೊಟ್ಟಿದ್ದು ಇರಬೇಕ್ರಿ. ಈಗ ನಾ ಕೇಳತೇನಿ. ಮಾಸ್ತರ್ರ, ನೀವೂ ಈ ಹುಡುಗ್ರ ಜೋಡಿ ಹೇಳ್ರಿ. ಒಂಬತ್ತೇಳಲೆ ಎಷ್ಟು?"

ಮಾಸ್ತರರು ಠೀವಿಯಿಂದ ಬಾಯಿ ತೆರೆದರು. "ಒಂಬತ್ತೊಂದಲೆ ಒಂಬತ್ತು..."

ರಾಗ ಇನ್ನೂ ಇಪ್ಪತ್ತೇಳಕ್ಕೆ ಮುಟ್ಟಿರಲಿಲ್ಲ, ಶಟ್ಟೆವ್ವ "ಅರವತ್ಮೂರ್ರೀ!" ಎಂದು ಕೂಗಿದಳು.

ನೆರೆದ ಮಂದಿಯೆಲ್ಲ ಬಿದ್ದುಬಿದ್ದು ನಕ್ಕರು. ಮಾಸ್ತರರ ಮುಖ ಕೆಂಪೇರಿತು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಒಂದು ಮಗುವೂ ದನ ಕಾಯಲು ಹೋಗಲಿಲ್ಲ. ಬಸವಣ್ಣೆಪ್ಪ ಒಂದು ಬುಟ್ಟಿ ಹುಣಸೆಬೀಜ ಕಳಿಸಿದ್ದ. ಮಾಸ್ತರರು ಎರಡೂ ಗುಂಪಿಗೆ ಹಂಚಿ, ತಮಗೂ ಒಂದು ಬೊಗಸೆ ಇಟ್ಟುಕೊಂಡು, ಶಟ್ಟೆವ್ವನ ಪಕ್ಕ ನೆಲಕ್ಕೆ ಕೂತರು.

"ಹೂಂ, ನನಗೂ ಹೇಳಿಕೊಡವಾ," ಎಂದರು.